ಹಿಂದಿನ ಗಾಲಿಗೆ ಮುಟ್ಟುವ ವಾಯರು

ಕಾರಿನಲ್ಲಿ ಇಟ್ಟುಕೊಳ್ಳಲು ಗಾಳಿ ತುಂಬುವ ಸಣ್ಣ ಮಷೀನೊಂದನ್ನು ಆರಿಸುವುದಕ್ಕೆ ನಾನು ಹದಿನೈದು ದಿನ ತೆಗೆದುಕೊಂಡೆ. ನನ್ನ ಮದುವೆಯ ಸೀರೆಗೂ ಇಷ್ಟು ಹೊತ್ತು ಹಿಡಿದಿರಲಿಲ್ಲ. ಆದರೆ ಸೀರೆ ಸರಿಯಿಲ್ಲದಿದ್ದರೆ ಗಂಡನನ್ನು ದಿನಾ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸಕ್ಕೆ ಹೋಗುವ ಶಿಕ್ಷೆ ಇರುವುದಿಲ್ಲ.

ನಾನು ಗೋಕಾಕದಿಂದ ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ಪಾಠ ಮಾಡಲು ಹೋಗುವವಳು. ಐವತ್ತು ದಾಟಿದ ಮೇಲೆ ಹಟ ಹಿಡಿದು ಕಾರು ಕಲಿತೆ. ಹೋದ ವರ್ಷ ಬಲ ಹೆಗಲಿನ ಆಪರೇಷನ್ ಆಯಿತು. ಸ್ಟಿಯರಿಂಗ್ ತಿರುಗಿಸಬಲ್ಲೆ, ಬೋರ್ಡಿನ ಮೇಲೆ ಬರೆಯಬಲ್ಲೆ. ಗಾಲಿಯ ನಟ್ಟು ಸಡಿಲಿಸುವುದು ಮಾತ್ರ ಈ ಜನ್ಮದಲ್ಲಿ ಇಲ್ಲ. ಒಮ್ಮೆ ಹಿಡಕಲ್ ಡ್ಯಾಮಿನ ಹತ್ತಿರ ಟೈರು ನೆಲಕ್ಕೆ ಕುಳಿತು, ಎರಡು ತಾಸು ರಸ್ತೆಬದಿ ನಿಂತೆ. ಮೂಡಲಗಿಯ ಕಾಲೇಜೊಂದರ ಆಫೀಸಿನಿಂದ ಆಗಷ್ಟೇ ರಿಟೈರ್ ಆಗಿದ್ದ ನನ್ನ ಗಂಡ ಬಂದು ಗಾಲಿ ಬದಲಿಸಿದರು. ಮರುದಿನ ನಾನು ಬಾಗಿಲಿಗೆ ಬೀಗ ಹಾಕಿ ಬರುವಷ್ಟರಲ್ಲಿ ಅವರು ಕಾರಿನಲ್ಲಿ ಕುಳಿತಾಗಿತ್ತು. ಅಂದಿನಿಂದ ಮೂರು ತಿಂಗಳು ಅದೇ ನಡೆಯಿತು. ನಾನು ಪಾಠ ಮಾಡುವಷ್ಟು ಹೊತ್ತೂ ಅವರು ಶಾಲೆಯ ಬೇವಿನ ಮರದ ಕೆಳಗೆ ಪೇಪರು ಓದುತ್ತಿದ್ದರು. ಬಿಸಿಯೂಟದ ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಅಡುಗೆಯವಳಿಗೆ ಬುದ್ಧಿ ಹೇಳಿದ ದಿನ ನನ್ನ ತಾಳ್ಮೆ ಕೆಟ್ಟಿತು.

"ಇನ್ನ ಮ್ಯಾಲೆ ನಾ ಒಬ್ಬಾಕಿನ ಹೋಗ್ತೇನ್ರಿ," ಎಂದೆ.

"ಗಾಳಿ ಹೋದ್ರ?"

"ತುಂಬೂ ಮಷೀನ್ ತಗೋತೇನಿ. ತುಂಬಿಕೊಂಡು ಪಂಕ್ಚರ್ ಅಂಗಡಿತನಕ ಹೋಗ್ತೇನಿ."

ಅವರು ಪೇಪರು ಮಡಚಿದರು. "ಆತು. ಆದ್ರ ಗಾಡಿ ನಿಂತೈತಿ ಬರ್ರಿ ಅಂತ ನಿನ್ನ ಒಂದ್ ಫೋನ್ ಬಂತಂದ್ರ ಮುಗೀತು. ಮತ್ತ ನಾ ಬಾಜೂಕ ಕುಂದ್ರಾಂವ."

ಗೋಕಾಕದ ಅಂಗಡಿಯವನು ಪ್ರತಿಯೊಂದು ಡಬ್ಬಿಯನ್ನೂ ನನ್ನ ಗಂಡನ ಮುಂದೆಯೇ ತೆರೆದ. ನಾನು ಕೇಳಿದ ಪ್ರಶ್ನೆಗೂ ಅವರನ್ನೇ ನೋಡಿ ಉತ್ತರ ಕೊಟ್ಟ. ನನಗೆ ಮೈಯೆಲ್ಲ ಉರಿಯಿತು. "ಗಾಳಿ ತುಂಬಾಕಿ ನಾ ಇಲ್ಲಿ ಅದೇನಿ, ಈ ಕಡೆ ನೋಡ್ರಿ," ಎಂದ ಮೇಲೆ ಕುರ್ಚಿ ಹಾಕಿದ. ಚಾರ್ಜ್ ಮಾಡಿಟ್ಟುಕೊಳ್ಳುವ ಮಷೀನು ನೋಡಲು ಚೆಂದವಿತ್ತು, ಅಂಗೈಯಗಲ. ಆದರೆ ಮೊಬೈಲನ್ನೇ ಚಾರ್ಜಿಗೆ ಹಾಕಲು ಮರೆಯುವ ನಾನು ಅದನ್ನು ನೆನಪಿಡುತ್ತೇನೆಯೇ? ಇನ್ನೊಂದಕ್ಕೆ ಕಾರಿನ ಬ್ಯಾಟರಿಗೇ ಕ್ಲಿಪ್ಪು ಹಾಕಬೇಕು, ಅದಕ್ಕಾಗಿ ಬಾನೆಟ್ಟು ಎತ್ತಿ ಹಿಡಿಯಲು ನನ್ನ ಹೆಗಲು ಒಪ್ಪುವುದಿಲ್ಲ. ನಿರ್ಧಾರವಾಗದೆ ಮನೆಗೆ ಬಂದೆವು.

ಮರುದಿನ ಕೊಣ್ಣೂರಿನ ಪಂಕ್ಚರ್ ಕಾಕಾನ ಮುಂದೆ ಕಾರು ನಿಲ್ಲಿಸಿದೆ. ಅವರ ಅಜ್ಜ ಬಂಡಿಗಾಲಿಗಳಿಗೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದರಂತೆ. ಆ ಮುಸ್ಲಿಂ ಮನೆತನ ಗಾಲಿ ಬಿಟ್ಟು ಬೇರೆ ಕೆಲಸ ಹಿಡಿದಿಲ್ಲ. ಮಷೀನು ಕೊಂಡರೆ ಅವರಿಗೆ ಬೇಸರವಾದೀತೆಂದು ಅಳುಕುತ್ತಲೇ ಕೇಳಿದೆ.

ಕಾಕಾ ನಕ್ಕರು. "ತಗೋರಿ ಅಕ್ಕೋರ. ಗಾಳಿ ಅದು ತುಂಬತೈತಿ, ತೂತು ಮುಚ್ಚಾಕ ನನ್ನ ಕಡೆನ ಬರಬೇಕಲ್ಲ? ಕಾರಿನ್ಯಾಗ ಚಾರ್ಜರ್ ಹಾಕೂ ತೂತಿಗಿ ಹಚ್ಚೂದು ತಗೋರಿ. ವಾಯರ್ ಹಿಂದಿನ ಗಾಲಿಗಿ ಮುಟ್ಟತೈತೇನು, ಅಂಗಡಿ ಮುಂದ ಗಾಡಿ ನಿಂದರಿಸಿನ ನೋಡ್ರಿ. ಮತ್ತ ಹತ್ತು ನಿಮಿಷ ಓಡಿಸಿ ಬಂದ್ ಮಾಡ್ರಿ. ಸಣ್ಣ ಮಷೀನ್, ದಮ್ಮು ಹತ್ತತೈತಿ."

ಮುಂದಿನ ದಿನಗಳಲ್ಲಿ ಅಂಗಡಿಗಳ ಮುಂದೆ ಕಾರು ನಿಲ್ಲಿಸಿ ಅವರು ಹೇಳಿದಂತೆಯೇ ಮಾಡಿದೆ. ಎರಡು ಮಷೀನುಗಳ ವಾಯರುಗಳು ಹಿಂದಿನ ಬಾಗಿಲಿಗೇ ನಿಂತವು, ಮೂರನೆಯದು ಮುಟ್ಟಿತು. ಅದರ ಅಂಕಿಗಳು ಕನ್ನಡಕವಿಲ್ಲದೆಯೂ ಕಾಣುತ್ತಿದ್ದವು. ಎಡಗೈಯಲ್ಲಿ ಎತ್ತಿ ನೋಡಿದೆ, ಎತ್ತಲು ಬಂತು. ಅದನ್ನೇ ತಂದೆ.

ಒಬ್ಬಳೇ ಹೊರಟ ಮೊದಲ ದಿನವೇ ಹಿಂದಿನ ಎಡಗಾಲಿ ಮೆತ್ತಗಾಯಿತು. ಕಬ್ಬಿನ ಹಂಗಾಮು, ರಸ್ತೆಯಲ್ಲಿ ಟ್ರ್ಯಾಕ್ಟರುಗಳಿಂದ ಏನೇನು ಉದುರಿರುತ್ತದೋ ದೇವರೇ ಬಲ್ಲ. ಖರೆ ಹೇಳುತ್ತೇನೆ, ನನಗೆ ಖುಷಿಯೇ ಆಯಿತು. ಮಷೀನು ತೆಗೆದು ವಾಯರು ಹಚ್ಚುತ್ತಿದ್ದೆ. ಅಷ್ಟರಲ್ಲಿ ಮುಂದೆ ನಿಂತಿದ್ದ, ಕಬ್ಬು ಹೇರಿದ ಎತ್ತಿನ ಚಕ್ಕಡಿಯವನು ಬಂದ. ಈಗ ಚಕ್ಕಡಿಗಳಿಗೂ ಟೈರು. ಅವನ ಒಂದು ಟೈರು ಗಾಳಿಯಿಲ್ಲದೆ ಚಪ್ಪಟೆಯಾಗಿತ್ತು.

"ಅಕ್ಕೋರ, ನಮಗಷ್ಟು ಗಾಳಿ ಕೊಡ್ರಿ. ಪಂಪು ಹಿಂದಿನ ಗಾಡ್ಯಾಗ ಉಳದೈತಿ. ಅದು ಬರೂತನಕ ಎತ್ತು ಹೇರು ಹೊತ್ತು ನಿಂದರಬೇಕು."

ಎತ್ತುಗಳ ಕುತ್ತಿಗೆಯ ಮೇಲೆ ನೊಗ ಒತ್ತಿ ಕುಳಿತಿತ್ತು. ಇಲ್ಲ ಎನ್ನಲು ನಾನು ಬೇರೆ ಸೀಮೆಯವಳೇ? ನನ್ನ ಗಾಲಿ ಆಮೇಲೆ ಎಂದುಕೊಂಡು ಕಾರನ್ನು ಚಕ್ಕಡಿಯ ಹತ್ತಿರಕ್ಕೆ ಒಯ್ದು, ಅವನ ಟೈರಿಗೆ ಹಚ್ಚಿದೆ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಕಾಕಾನ ಮಾತು ನೆನಪಿತ್ತು. ಆದರೆ ಟೈರು ಈಗಷ್ಟೇ ಮೇಲೇಳುತ್ತಿತ್ತು, ಎತ್ತುಗಳು ನನ್ನನ್ನೇ ನೋಡುತ್ತಿದ್ದವು. ಚಕ್ಕಡಿ ಹೊರಡುವಷ್ಟು ಗಾಳಿ ತುಂಬಿತು. ಮಷೀನಿನಿಂದ ಸುಟ್ಟ ವಾಸನೆ ಬಂದು ಅದು ಸುಮ್ಮನಾಯಿತು. ಮತ್ತೆ ಶುರುವಾಗಲೇ ಇಲ್ಲ.

ಮೊಬೈಲು ಕೈಗೆ ತೆಗೆದುಕೊಂಡೆ. ಒಂದು ಫೋನು ಮಾಡಿದರೆ ಬೇವಿನ ಮರ, ಪೇಪರು, ಸಾರಿನ ಉಪ್ಪು ಎಲ್ಲ ನಾಳೆಯಿಂದಲೇ ವಾಪಸು. ಕಣ್ಣಲ್ಲಿ ನೀರು ಬಂತು, ನನ್ನ ಮೇಲಿನ ಸಿಟ್ಟಿಗೆ. ಚಕ್ಕಡಿಯವನು ಹೊರಡಲಿಲ್ಲ. "ತಡೀರಿ, ನಮ್ಮವರು ಬರ್ತಾರ," ಎಂದ. ಹಿಂದಿನ ಚಕ್ಕಡಿ ಬಂತು. ಅದರಿಂದ ಒಬ್ಬ ಹೆಂಗಸು ಇಳಿದು, ಕಾಲಿನಿಂದ ತುಳಿಯುವ ಪಂಪನ್ನು ತಂದು ನನ್ನ ಗಾಲಿಗೆ ಸಿಕ್ಕಿಸಿದಳು.

"ನನ್ನ ಹೆಗಲ ನಡಿಯಂಗಿಲ್ಲ," ಎಂದೆ, ಸುಮ್ಮನೆ ನಿಂತಿದ್ದಕ್ಕೆ ನಾಚಿ.

"ಕಾಲ ಚಲೋ ಅದಾವಿಲ್ಲ?" ಎಂದು ಪಕ್ಕಕ್ಕೆ ಸರಿದಳು.

ಸೀರೆ ಎತ್ತಿ ಸಿಕ್ಕಿಸಿ ತುಳಿದೆ. ಏದುಸಿರು ಬಂತು, ಗಾಲಿಯೂ ಎದ್ದಿತು. ಡಾಕ್ಟರು, ಗಂಡ, ನಾನು, ಎಲ್ಲರೂ ಹೆಗಲನ್ನೇ ನೋಡುತ್ತ ಕುಳಿತಿದ್ದೆವು. ಕಾಲಿನ ಕಡೆ ಯಾರ ಲಕ್ಷ್ಯವೂ ಹೋಗಿರಲಿಲ್ಲ.

ಸಂಜೆ ಶಾಲೆಯಿಂದ ಬರುತ್ತ ಕೊಣ್ಣೂರಿನಲ್ಲಿ ಪಂಕ್ಚರ್ ತೆಗೆಸಿ, ಗೋಕಾಕದಲ್ಲಿ ಅಂಥದೇ ಪಂಪು ಕೊಂಡು ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ, ಮಷೀನು ಸುಟ್ಟದ್ದನ್ನೂ. ಬೈಯುತ್ತಾರೆಂದುಕೊಂಡಿದ್ದೆ.

"ಫೋನ್ ಯಾಕ ಮಾಡಲಿಲ್ಲ?"

"ಮಾಡಿದ್ರ ನೀವು ಬರ್ತಿದ್ರಿ."

"ಬರ್ತಿದ್ದೆ," ಎಂದರು. ಪಂಪನ್ನು ಅಂಗಳದಲ್ಲಿಟ್ಟು ನಾಲ್ಕು ಸಲ ತುಳಿದು ನೋಡಿದರು. "ಚಲೋ ಐತಿ. ಇನ್ನ ನಾ ಬರೂದು ಬ್ಯಾಡ ಬಿಡು. ನೀ ಆರಾಮ ಹೋಗಿ ಬಾ."

ಮೂರು ತಿಂಗಳಿಂದ ಈ ಮಾತಿಗೇ ಕಾದಿದ್ದೆ. ಅಂದು ಹಾಸಿಗೆಗೆ ಬಿದ್ದದ್ದೇ ನಿದ್ದೆ.

ಮರುದಿನ ಗಾಲಿಯ ಚಿಂತೆಯಿರಲಿಲ್ಲ. ಕಾರು ಹಗುರಾಗಿ ಓಡುತ್ತಿತ್ತು. ಘಟಪ್ರಭೆಯ ಸೇತುವೆ ದಾಟಿದ ಮೇಲೆ, ಎರಡು ಟ್ರೇಲರು ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ರಸ್ತೆಯನ್ನೆಲ್ಲ ತನ್ನದೇ ಮಾಡಿಕೊಂಡು ಎದುರಿಗೆ ಬಂತು. ಕಾರನ್ನು ಮಣ್ಣಿಗಿಳಿಸಿ, "ಹೆಂಗ ಹೊಡಿತಾನ ನೋಡ್ರಿ ಇಂವಾ!" ಎಂದು ಎಡಕ್ಕೆ, ಅವರು ಕೂರುತ್ತಿದ್ದ ಕಡೆ, ಮುಖ ತಿರುಗಿಸಿದೆ. ಸೀಟಿನ ಮೇಲೆ ನನ್ನ ಊಟದ ಚೀಲವಷ್ಟೇ ಇತ್ತು.