ಹಿಂದಿನ ಸೀಟಿನ ಕಲ್ಲು

ಸತ್ತವರು ಮರಳಿ ಬಂದರೆಂಬ ಕಥೆಗಳನ್ನು ನಾನು ಎಂದೂ ನಂಬಿದವನಲ್ಲ. ಅಂಥ ಕಥೆ ಹೇಳುವವರನ್ನು ಮಧ್ಯದಲ್ಲೇ ತಡೆದು, ಆಗ ದೀಪ ಉರಿಯುತ್ತಿತ್ತೇ, ಬಾಗಿಲು ಹಾಕಿತ್ತೇ ಎಂದು ವಿಚಾರಿಸುವುದು ನನ್ನ ಅಭ್ಯಾಸವಾಗಿತ್ತು. ಈಗ ಓದುಗರು ನನ್ನನ್ನೂ ಹಾಗೆಯೇ ವಿಚಾರಿಸಬಹುದು, ಆಕ್ಷೇಪವಿಲ್ಲ.

ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ನಾನೂ ನನ್ನ ಹೆಂಡತಿ ಶಾರದೆಯೂ ಸಿಡ್ನಿಯ ಗಿರಾವೀನ್‌ನಲ್ಲಿದ್ದೆವು. ಆರಂಭದಲ್ಲಿ ಅಲ್ಲಿನ ಕನ್ನಡ ಕುಟುಂಬಗಳ ಜೊತೆ ಪಿಕ್ನಿಕ್‌ಗೆ ಹೋಗುತ್ತಿದ್ದೆವು. ಒಮ್ಮೆ ಕೆಲ್ಲಿವಿಲ್‌ನ ಹೆಣ್ಣುಮಗಳೊಬ್ಬಳು, ಶಾರದೆ ಮಾಡಿ ತಂದ ಕೋಡುಬಳೆಯನ್ನೇ ಕಡಿಯುತ್ತ, "ಮುಂದಿನ ಸಲ ಬರೀ ಮಕ್ಕಳಿರೋ ಫ್ಯಾಮಿಲೀಸ್ ಆಂಟಿ, ನಿಮಗೆ ಬೋರ್ ಆಗುತ್ತೆ" ಎಂದಳು. ನಮಗೆ ಮಕ್ಕಳಿರಲಿಲ್ಲ. ಶಾರದೆ ನಕ್ಕು ಡಬ್ಬಿಯ ಮುಚ್ಚಳ ಹಾಕಿದಳು. ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ. ಮರೆಯುವ ಉದ್ದೇಶವೂ ಇಲ್ಲ.

ಆಮೇಲೆ ಶನಿವಾರಗಳಲ್ಲಿ ನಮ್ಮದೇ ತಿರುಗಾಟ. ಶಾರದೆಯ ತಮ್ಮ ರಘು ಆಗಿನ್ನೂ ಬ್ರಹ್ಮಚಾರಿ, ಸಿಡ್ನಿಯದೇ ನಾರ್ವೆಸ್ಟ್‌ನಲ್ಲಿ ಕೆಲಸಕ್ಕಿದ್ದ, ಅವನೂ ಬರುತ್ತಿದ್ದ. ಬ್ಲೂ ಮೌಂಟನ್ಸ್‌ನಲ್ಲಿ ಮಂಜು ಕವಿದು ದಾರಿ ತಪ್ಪಿದ್ದು, ಕಯಾಮಾದ ಬಂಡೆಯ ಬಿರುಕಿನಿಂದ ಚಿಮ್ಮಿದ ಸಮುದ್ರದ ನೀರು ನಮ್ಮ ಪುಳಿಯೋಗರೆಯ ಡಬ್ಬಿಗೇ ಬಿದ್ದದ್ದು, ಇವೇ ನಮ್ಮ ಸಾಹಸಗಳು. ಮೂವರು ಜೊತೆಯಾಗಿ ಹೊರಡಬಾರದೆಂಬುದು ಶಾರದೆಯ ತವರಿನ ಪದ್ಧತಿ. ಹೊರಡಲೇಬೇಕಾದರೆ ಒಂದು ಕಲ್ಲನ್ನು ನಾಲ್ಕನೆಯವರೆಂದು ಒಯ್ಯಬೇಕು. ಹಿತ್ತಲ ಮೆಟ್ಟಿಲ ಬಳಿಯಿದ್ದ, ಅಂಚು ಒಡೆದ ಕರಿಗಲ್ಲೊಂದಕ್ಕೆ ಕುಂಕುಮವಿಟ್ಟು, ಹಿಂದಿನ ಸೀಟಿನಲ್ಲಿ ತನ್ನ ಪಕ್ಕ ಕೂರಿಸಿಕೊಳ್ಳುತ್ತಿದ್ದಳು.

"ಅದಕ್ಕೂ ಬೆಲ್ಟ್ ಹಾಕು ಅಕ್ಕ, ಇಲ್ಲಾಂದ್ರೆ ಭಾವಂಗೆ ಫೈನ್ ಬೀಳುತ್ತೆ" ಎಂದು ರಘು ರೇಗಿಸುತ್ತಿದ್ದ.

"ಹಾಕಿದೀನಿ ಕಣೋ. ನಿನಗಿಂತ ಇದೇ ವಾಸಿ, ದಾರಿಯುದ್ದಕ್ಕೂ ತಿಂಡಿ ಕೇಳಲ್ಲ."

ನಿಜವಾಗಿಯೂ ಹಾಕಿರುತ್ತಿದ್ದಳು.

ಕೆಲವು ವರ್ಷಗಳ ನಂತರ ಶಾರದೆ ಕಾಯಿಲೆಯಿಂದ ತೀರಿಕೊಂಡಳು. ಶನಿವಾರಗಳು ಮಾತ್ರ ತಪ್ಪದೆ ಬರುತ್ತಿದ್ದವು. ನಾನು ಕಾರನ್ನು ತೊಳೆದು, ಒರೆಸಿ, ಎಲ್ಲಿಗೂ ಹೋಗದೆ ಮತ್ತೆ ಒಳಗೆ ನಿಲ್ಲಿಸುತ್ತಿದ್ದೆ. ಆ ದೇಶದಲ್ಲಿ ನನ್ನವನೆಂದು ಉಳಿದಿದ್ದವನು ರಘು ಒಬ್ಬನೇ.

ಮರುವರ್ಷ ಅವನಿಗೆ ಮೆಲ್ಬರ್ನ್‌ನಲ್ಲಿ ಕೆಲಸವಾಯಿತು. ಅವನನ್ನೂ ಹೊಸದಾಗಿ ಬಂದಿದ್ದ ಅವನ ಹೆಂಡತಿ ಸುಮಾಳನ್ನೂ ನನ್ನ ಕಾರಿನಲ್ಲೇ ಬಿಟ್ಟುಬರಲು ಒಪ್ಪಿದೆ. ಹೊರಡುವಾಗ ರಘು ಮೆಟ್ಟಿಲ ಕಡೆ ನೋಡಿ, "ಭಾವ, ಮೂರು ಜನ ಆದ್ವಲ್ಲ. ಪ್ಯಾಸೆಂಜರ್ ಬೇಡ್ವಾ?" ಎಂದ. ಸುಮಾ ಅರ್ಥವಾಗದೆ ನಕ್ಕಳು. ಆ ನಗುವನ್ನು ಸಹಿಸಲಾರದೆ, ನಾನು ಕಲ್ಲನ್ನು ಅಲ್ಲೇ ಬಿಟ್ಟು, ಹಿತ್ತಲ ಗೇಟಿಗೆ ಬೀಗ ಹಾಕಿ ಕಾರು ಹತ್ತಿದೆ.

ಮೆಲ್ಬರ್ನ್ ತಲುಪಿದ ಮೇಲೆ ಸಾಮಾನುಗಳನ್ನೆಲ್ಲ ನಾನೇ ಇಳಿಸಿ, ಕಾರಿನ ಒಳಭಾಗವನ್ನೂ ಡಿಕ್ಕಿಯನ್ನೂ ಗುಡಿಸಿದೆ. ಮರುದಿನ ಮಧ್ಯಾಹ್ನ ಮೂವರೂ ಬ್ರೈಟನ್ ಕಡಲತೀರಕ್ಕೆ ಹೋದೆವು. ಅವರಿಬ್ಬರೂ ಬಣ್ಣ ಬಳಿದ ಮರದ ಗುಡಿಸಲುಗಳ ಮುಂದೆ ಫೋಟೋ ತೆಗೆದುಕೊಳ್ಳುತ್ತಿದ್ದರು. ನಾನು ಬೆಂಚಿನ ಮೇಲೆ ಕುಳಿತು ಅವರನ್ನೇ ನೋಡುತ್ತಿದ್ದೆ. ಕಾರಿನ ಕೀ ನನ್ನ ಜೇಬಿನಲ್ಲಿತ್ತು.

ಮರಳಿ ಬಂದು ಬಾಗಿಲು ತೆರೆದಾಗ ಹಿಂದಿನ ಸೀಟಿನಲ್ಲಿ ಕಲ್ಲಿತ್ತು. ಅಂಚು ಒಡೆದ ಅದೇ ಕಲ್ಲು. ಬೆಲ್ಟ್ ಹಾಕಿತ್ತು. ಮುಟ್ಟಿದರೆ ಕುಂಕುಮ ಹಸಿಯಾಗಿ ಬೆರಳಿಗೆ ಅಂಟಿತು.

"ಇದೆಂಥ ತಮಾಷೆ?" ಎಂದೆ.

ರಘು ಬಿಳಿಚಿಕೊಂಡಿದ್ದ. "ನಾನಲ್ಲ ಭಾವ. ಅಕ್ಕನ ವಿಷಯದಲ್ಲಿ ಹಂಗೆ ಮಾಡ್ತೀನಾ?"

"ಹೊರಡುವಾಗ ಪ್ಯಾಸೆಂಜರ್ ಬೇಡ್ವಾ ಅಂದವನು ನೀನೇ ತಾನೇ?"

ಅವನು ಪಾರ್ಕಿಂಗ್‌ನಲ್ಲಿ ನಿಂತು ಚಿಕ್ಕ ಹುಡುಗನಂತೆ ಅತ್ತ. ಒಂದು ವಾರ ಇರಲೆಂದು ಹೋದವನು ಅಂದೇ ಹೊರಟುಬಿಟ್ಟೆ. ಹಿಂದಿರುಗುವಾಗ ನಾನೊಬ್ಬನೇ, ಕಲ್ಲಿನ ಅಗತ್ಯವಿರಲಿಲ್ಲ. ಆದರೂ ಬೆಲ್ಟ್ ಬಿಚ್ಚಲು ಕೈ ಬರಲಿಲ್ಲ.

ಗಿರಾವೀನ್‌ನ ಹಿತ್ತಲ ಗೇಟಿನ ಬೀಗ ನಾನು ಹಾಕಿದಂತೆಯೇ ಇತ್ತು. ಮೆಟ್ಟಿಲ ಬಳಿ, ಕಲ್ಲು ಇದ್ದ ಜಾಗದಲ್ಲಿ, ಬೆಳಕು ಕಾಣದೆ ಬಿಳಿಚಿದ ಹುಲ್ಲು ಮಾತ್ರ ಉಳಿದಿತ್ತು.

ರಘು ಈಗಲೂ ಫೋನ್ ಮಾಡುತ್ತಾನೆ, ಈಗಲೂ ತಾನಲ್ಲ ಎನ್ನುತ್ತಾನೆ. ನಂಬಿದೆನೆಂದು ನಾನು ಹೇಳಿಲ್ಲ. ಅದು ಅವನ ಕೆಲಸವಾದರೆ ಅವನನ್ನು ಕ್ಷಮಿಸಲಾರೆ. ಅಲ್ಲವಾದರೆ, ಶಾರದೆ ಅಷ್ಟು ದೂರ ಬಂದು, ತಮ್ಮನ ಪ್ರಯಾಣಕ್ಕೆ ಕಾವಲು ಕುಳಿತು, ನನ್ನೊಡನೆ ಒಂದು ಮಾತೂ ಆಡದೆ ಹೋದಳೆಂದಾಗುತ್ತದೆ. ಇವೆರಡರಲ್ಲಿ ಯಾವುದನ್ನು ನಂಬಬೇಕೆಂಬುದು ನನಗೆ ಇಂದಿಗೂ ತಿಳಿದಿಲ್ಲ.