ತಂಬಿಗೆ ತೇಲಿದ ದಿಕ್ಕು

ಹುಬ್ಬಳ್ಳಿಯ ಕಮರಿಪೇಟೆಯ ಅತ್ತೆಯ ಮನೆಯಲ್ಲಿ ನಾನು ಸಣ್ಣವಳಿದ್ದಾಗ ಒಮ್ಮೆ ನೀರು ಹೊಕ್ಕಿತ್ತು ಎಂದು ನನ್ನ ನೆನಪು. ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಯಾರೋ ನನ್ನನ್ನು ಎತ್ತಿ ಹೊರಸಿನ, ಅಂದರೆ ಹಗ್ಗದ ಮಂಚದ, ಮೇಲೆ ಕೂಡ್ರಿಸಿದ್ದಾರೆ. ಒಂದು ಅಲ್ಯುಮಿನಿಯಂ ತಂಬಿಗೆ ಓರೆಯಾಗಿ ತೇಲುತ್ತ, ನನ್ನ ಮುಂದೆ ಹಾಯ್ದು, ತಲಬಾಗಿಲ ಕಡೆ ಹೋಗುತ್ತಿದೆ. ಅಷ್ಟೇ. ಅದಕ್ಕೆ ಹಿಂದಿಲ್ಲ, ಮುಂದಿಲ್ಲ. ಈ ನೆನಪನ್ನು ಬಹಳ ವರ್ಷ ನಾನು ನಂಬಿರಲಿಲ್ಲ. ಓಣಿಯ ನೀರು ಬಾಗಿಲಿನಿಂದ ಬರಬೇಕು, ತಂಬಿಗೆ ಒಳಕ್ಕೆ ಸರಿಯಬೇಕು. ನನ್ನ ತಂಬಿಗೆ ಹೊರಕ್ಕೆ ಹೊರಟಿತ್ತು. ಕನಸಿರಬೇಕು ಎಂದುಕೊಂಡು ಬಿಟ್ಟಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ಧಾರವಾಡದಲ್ಲಿ ಭೂಗೋಳ ಓದುತ್ತಿದ್ದಾಗ, ಹುಬ್ಬಳ್ಳಿಯ ನಾಲಾದ ದಂಡೆಯ ಓಣಿಗಳಲ್ಲಿ, ಅತ್ತೆಯ ಓಣಿಯೂ ಸೇರಿ, ನೆರೆಯ ಅಪಾಯ ಎಷ್ಟು ಎಂದು ಅಂದಾಜು ಮಾಡುವ ಕೆಲಸ ಹಿಡಿದೆ. ಮನೆಮನೆಯ ಮುಂದೆ ನಿಂತು, ನೀರು ಎಲ್ಲಿಯ ತನಕ ಬಂದಿತ್ತು ಎಂದು ಕೇಳುವುದು, ಅವರು ಹೊಸ್ತಿಲಿನ ಕೆಳಗೆ ಕೈಯಿಟ್ಟು ತೋರಿಸಿದ ಜಾಗಕ್ಕೆ ಟೇಪು ಹಿಡಿಯುವುದು. ಎಲ್ಲರದೂ ಒಂದೇ ಅಭಿಮಾನ: ‘ನಮ್ಮ ಹೊಸ್ತಲಾ ದಾಟಿಲ್ಲ ನೋಡ್ರಿ.’ ನೀರು ಬಂದುಹೋದಾಗಲೆಲ್ಲ ಜನ ಹೊಸ್ತಿಲಿನ ಕೆಳಗೆ ಇನ್ನೊಂದು ಕಲ್ಲು ಕೂಡ್ರಿಸಿ ಎತ್ತರಿಸಿ, ಅರಿಶಿನ ಕುಂಕುಮ ಹಚ್ಚಿ ಮರೆತುಬಿಡುತ್ತಿದ್ದರು ಎಂಬುದು ತಿಳಿದದ್ದು ತಡವಾಗಿ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೂ ಏರಿತ್ತು, ಹಾಗಾಗಿ ಹೊಸ್ತಿಲಿನಿಂದ ತೆಗೆದ ನನ್ನ ಅಳತೆಗಳನ್ನು ನಂಬುವಂತಿರಲಿಲ್ಲ.

ಊರೂ ಮೊದಲಿನಂತೆ ಇರಲಿಲ್ಲ. ಉಣಕಲ್ ಕಡೆಯ ಎರೆಹೊಲಗಳು ಬೇಸಿಗೆಯಲ್ಲಿ ಬಿರುಕು ಬಿಟ್ಟು ಮೊದಲ ಮಳೆಗಳನ್ನು ಕುಡಿದುಬಿಡುತ್ತಿದ್ದವು. ಈಗ ಅಲ್ಲಿ ಪ್ಲಾಟಿನ ಕಲ್ಲುಗಳು, ಮನೆಗಳು, ರಸ್ತೆಗಳು. ಅಲ್ಲಿ ಇಂಗಬೇಕಾದ ನೀರು ಸೀದಾ ನಾಲಾಕ್ಕೆ ಇಳಿಯುತ್ತಿತ್ತು. ದಿನವಿಡೀ ಜಿಟಿಜಿಟಿ ಹಿಡಿಯುತ್ತಿದ್ದ ಮಳೆ ಈಗ ಒಂದೇ ಮಧ್ಯಾಹ್ನದಲ್ಲಿ ಸುರಿದು ಹೋಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಅದು ಹವಾಮಾನ ಬದಲಾದ ಗುರುತೋ, ಎಲ್ಲ ಕಾಲದ ಹಿರಿಯರೂ ಆಡುವ ಮಾತೋ, ಹೇಳುವಷ್ಟು ಧೈರ್ಯ ನನಗಿರಲಿಲ್ಲ.

ಆ ವರ್ಷವೇ ಅತ್ತೆಯ ಮಗಳು ಬಸುರಿಯಾದಳು. ಚೊಚ್ಚಲ ಹೆರಿಗೆ, ತವರಿಗೇ ಬರಬೇಕು. ಆದರೆ ದಿನ ತುಂಬುವುದು ಸರಿಯಾಗಿ ಮಳೆಗಾಲಕ್ಕೆ. ಅವಳ ಗಂಡನ ಮನೆ ಧಾರವಾಡದ ಮಾಳಮಡ್ಡಿಯಲ್ಲಿ, ಎಂಥ ಮಳೆಯಾದರೂ ನೀರು ನಿಲ್ಲದ ಏರಿನ ಮೇಲೆ. ನಾಲಾದ ಬಾಜೂಕಿನ ಮನೆಗೆ ಬಾಣಂತಿಯನ್ನು ಹೇಗೆ ಕಳಿಸುವುದು ಎಂದು ಬೀಗತಿ ಕೇಳಿಕಳಿಸಿದ್ದರು. ಕುಬಸದ, ಅಂದರೆ ಸೀಮಂತದ, ಮಾತಿಗೆ ಬಂದಾಗ ತಾವೇ ಮನೆ ನೋಡುವವರಿದ್ದರು. ಅತ್ತೆಗೆ ಆ ಒಂದು ತಿಂಗಳು ಊಟ ಸೇರಲಿಲ್ಲ. ಮಗಳ ಬಾಣಂತನ ತನ್ನ ಕೈಯಿಂದ ಆಗಬೇಕು, ಅದಷ್ಟೇ ಅವರಿಗೆ ಬೇಕಾಗಿದ್ದದ್ದು.

‘ಕಲಿತಾಕಿ ನೀನು. ನೀ ಒಂದ್ ಮಾತ ಹೇಳಿದ್ರ ನಂಬತಾರ. ನೀರ ಬರೂದಿಲ್ಲಂತ ಹೇಳು’ ಎಂದರು.

‘ಬರತೈತೋ ಇಲ್ಲೋ ಯಾರಿಗ ಗೊತ್ತ ಅತ್ತಿ?’

‘ಯಾರಿಗೂ ಗೊತ್ತಿಲ್ಲಂದಮ್ಯಾಲ ಬರೂದಿಲ್ಲ ಅನ್ನಾಕ ನಿನ್ನ ಗಂಟೇನ ಹೋಗತೈತಿ?’

ಬೀಗತಿ ಬರುವ ದಿನ ನಾನೂ ಹೋಗಿದ್ದೆ. ಕಾಲು ತೊಳೆಯಲು ಬಚ್ಚಲಕ್ಕೆ ಹೋದರೆ, ನೀರು ಹೊರಹೋಗುವ ಕಿಂಡಿಯ ಬಾಜೂಕ ಮಡಚಿದ ಗೋಣಿತಟ್ಟು, ಅದರ ಮೇಲೆ ರುಬ್ಬುವ ಗುಂಡುಕಲ್ಲು. ಮಿಕ್ಸರ್ ಬಂದ ಮೇಲೆ ಆ ಕಲ್ಲಿಗೆ ಅಡಿಗೆಮನೆಯಲ್ಲಿ ಕೆಲಸವಿರಲಿಲ್ಲ.

‘ಇದನ್ಯಾಕ ಇಲ್ಲಿಟ್ಟೀರಿ ಅತ್ತಿ?’

‘ಹೆಗ್ಗಣ ಬರತಾವು. ಕಿಂಡಿ ಮುಚ್ಚಾಕ.’

ಪಡಸಾಲೆಯಿಂದ ಮಾಮಾ, ಅಂದರೆ ಅತ್ತೆಯ ಗಂಡ, ಕೂಗಿದರು: ‘ಹೆಗ್ಗಣಾನೂ ಬರತಾವು, ನೀರೂ ಬರತೈತಿ.’

‘ನೀವ ಸುಮ್ನಿರ್ರಿ!’

ಆ ಮನೆಯ ಮುಖ ಓಣಿಗೆ, ಬೆನ್ನು ನಾಲಾಕ್ಕೆ. ನಾಲಾ ತುಂಬಿದರೆ ಬಚ್ಚಲದ ಕಿಂಡಿಯಲ್ಲಿ ನೀರು ಹಿಂದಕ್ಕೆ ಬರುತ್ತದೆ. ಹಿಂದಿನಿಂದ ಹೊಕ್ಕ ನೀರಿನಲ್ಲಿ ತಂಬಿಗೆ ತಲಬಾಗಿಲ ಕಡೆಗೇ ತೇಲಬೇಕು. ಒದ್ದೆ ಕಾಲಿನಲ್ಲಿ ನಾನು ಅಲ್ಲೇ ನಿಂತುಬಿಟ್ಟೆ. ಇಡೀ ಓಣಿಯಲ್ಲಿ ನಾನು ಹೊಸ್ತಿಲಿಗೆ ಟೇಪು ಹಿಡಿದಿದ್ದೆ, ಬಚ್ಚಲದ ಮಾತು ಒಬ್ಬರನ್ನೂ ಕೇಳಿರಲಿಲ್ಲ. ಬಾಗಿಲಲ್ಲಿ ನಿಂತ ಪರರ ಮುಂದೆ ತಮ್ಮ ಬಚ್ಚಲದ ಸುದ್ದಿ ಯಾರು ತೆಗೆಯುತ್ತಾರೆ? ಬಿಸಿನೀರಿಗೆ ಅನುಕೂಲವೆಂದು ಬಾಣಂತಿಯ ಕೋಣೆ ಎಲ್ಲರ ಮನೆಯಲ್ಲೂ ಬಚ್ಚಲಕ್ಕೆ ಹತ್ತಿರ. ಇಲ್ಲಿಯೂ ಹಾಗೇ, ಗೋಡೆಯ ಆಚೆ ಅತ್ತೆ ಆಗಲೇ ಸುಣ್ಣ ಹೊಡೆಸಿಟ್ಟಿದ್ದರು.

ಬೀಗತಿ ಚಹಾ ಮುಗಿಸಿ ನನ್ನ ಕಡೆಯೇ ತಿರುಗಿದರು. ‘ನೀ ಹೇಳವಾ. ಇಲ್ಲಿ ನೀರ ಬರತೈತೇನ?’

ಅತ್ತೆ ನನ್ನನ್ನೇ ನೋಡುತ್ತಿದ್ದರು. ಆ ನೋಟ ನನಗೆ ಚೆನ್ನಾಗಿ ನೆನಪಿದೆ. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

‘ಬರಬಹುದ್ರಿ. ಮೊದಲಿನಕಿಂತ ಈಗ ಹೆಚ್ಚ ಬರಬಹುದು. ಬಂದ್ರ ಮೊದಲ ಬಚ್ಚಲದಾಗ ಬರತೈತಿ. ಕಿಂಡಿ ಮುಚ್ಚಿ, ಬಾಣಂತಿನ್ನ ಪಡಸಾಲ್ಯಾಗ ಮಲಗಿಸಿದ್ರ ಏನೂ ಆಗೂದಿಲ್ಲ.’

‘ಪಡಸಾಲ್ಯಾಗ?’ ಅತ್ತೆ ಎದ್ದೇ ನಿಂತರು. ‘ಹಾದ್ಯಾಗ ಹೋಗಾವರ ಕಣ್ಣು ಕೂಸಿನ ಮ್ಯಾಲ ಬೀಳೂದಿಲ್ಲೇನ? ಗಾಳಿ ಬಡಿಯೂದಿಲ್ಲೇನ?’

ಬೀಗತಿ ಎದ್ದು ಹೋಗಿ ಬಚ್ಚಲ ನೋಡಿ ಬಂದರು. ಆಮೇಲೆ, ‘ಪರದೆ ಕಟ್ಟಿದ್ರಾತ್ರಿ. ಬರೂದಿಲ್ಲ ಅಂದಿದ್ರ ನಾ ಕಳಸ್ತಿದ್ದಿಲ್ಲ. ಎಲ್ಲಿಂದ ಬರತೈತಿ ಅಂತ ಗೊತ್ತಿದ್ದವ್ರ ಮನಿಗೆ ಕಳಸಬಹುದು’ ಎಂದರು. ಅವರು ಇಷ್ಟು ಅಚ್ಚುಕಟ್ಟಾಗಿ ಅಂದರೋ, ಹೇಳಿಹೇಳಿ ನಾನೇ ಆ ಮಾತನ್ನು ನಯ ಮಾಡಿದೆನೋ, ಈಗ ತಿಳಿಯದು. ಕಳಿಸಿದ್ದಂತೂ ಖರೆ.

ಪಡಸಾಲೆಯಲ್ಲಿ ಅರಳೆ ದಲಾಲಿಯ ಗೆಳೆಯರೊಡನೆ ಬೆಳಗಿನ ಚಹಾ ಕುಡಿಯುತ್ತಿದ್ದ ಮಾಮಾ ತಮ್ಮ ಗಾದಿ ಸುತ್ತಿಕೊಂಡು ಸುಣ್ಣ ಹೊಡೆದ ಕೋಣೆಗೆ ಹೋದರು. ‘ಯಜಮಾನ ಬಚ್ಚಲದ ಬಾಜೂಕ ಬಂದಾ. ಛಲೋ ಆತು. ನನಗೂ ಎಣ್ಣಿ ಹಚ್ಚಿ ಎರೀರಿ’ ಎಂದರು. ಅತ್ತೆ ತಮ್ಮ ಹಳೆಯ ಇಳಕಲ್ಲ ಸೀರೆಗಳನ್ನು ಪರದೆ ಕಟ್ಟಿದರು. ಹೊರಸಿನ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟರು. ನನ್ನೊಡನೆ ಮಾತ್ರ ಕೂಸು ಹುಟ್ಟುವ ತನಕ ಮಾತು ಕಡಿಮೆ.

ಕೂಸು ಹೆಣ್ಣು. ಅದಿನ್ನೂ ಹೆಸರಿಲ್ಲದ ಎಳೆಗೂಸಾಗಿದ್ದಾಗ, ಒಂದು ಮಧ್ಯಾಹ್ನ ಆ ಮಳೆ ಬಂತು. ಓಣಿ ತುಂಬಿತು. ಆಚೆಈಚೆ ಮನೆಯವರೆಲ್ಲ ಹೊಸ್ತಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದರೆ, ನಾವು ರಸ್ತೆಗೆ ಬೆನ್ನು ತಿರುಗಿಸಿ ಬಚ್ಚಲ ನೋಡುತ್ತಿದ್ದೆವು. ಕಿಂಡಿಯಲ್ಲಿ ಗೊಳಗೊಳ ಸಪ್ಪಳವಾಯಿತು. ಅತ್ತೆ ಗೋಣಿತಟ್ಟು ತುರುಕಿ ಗುಂಡುಕಲ್ಲು ಒತ್ತಿದರು. ಕಲ್ಲು ಅಲುಗಾಡಿತು. ಮಾಮಾ ಧೋತರ ಎತ್ತಿ ಕಟ್ಟಿ, ಪೇಪರ್ ಹಿಡಿದುಕೊಂಡು, ಆ ಕಲ್ಲಿನ ಮೇಲೆ ಕೂತುಬಿಟ್ಟರು.

‘ಅಪ್ಪಾ, ಏಳಬ್ಯಾಡ್ರಿ ಮತ್ತ!’ ಪರದೆಯ ಹಿಂದಿನಿಂದ ಬಾಣಂತಿ ನಗುತ್ತ ಕೂಗಿದಳು.

‘ಎದ್ದರ ನಿಮ್ಮವ್ವ ಬಿಡತಾಳೇನ?’

ಮಳೆ ನಿಲ್ಲುವ ತನಕ ಅವರು ಏಳಲಿಲ್ಲ. ಬಚ್ಚಲದಲ್ಲಿ ಪಾದ ಮುಳುಗುವಷ್ಟು ನೀರಾಯಿತು, ಸುಣ್ಣದ ಕೋಣೆಯಲ್ಲಿ ಮಾಮಾನ ಗಾದಿ ತೊಯ್ದಿತು. ಪಡಸಾಲೆ ಒಣಗಿಯೇ ಇತ್ತು. ಅತ್ತೆ ಬಾಣಂತಿಗೆಂದು ಮಾಡಿದ ಅಂಟಿನುಂಡಿಯಲ್ಲಿ ಒಂದನ್ನು ತಂದು ನನ್ನ ಕೈಯಲ್ಲಿಟ್ಟು ಹೋದರು.

ನನ್ನ ದಿನಚರಿಯಲ್ಲಿ ಆ ದಿನದ ಮಳೆಯಿದೆ, ಮಾಮಾ ಕಲ್ಲಿನ ಮೇಲೆ ಕೂತದ್ದಿಲ್ಲ. ಕೂತಿರಲಿಲ್ಲ, ಕಾಲಿನಿಂದ ಒತ್ತಿ ಹಿಡಿದಿದ್ದರು ಅಷ್ಟೇ ಎಂದು ಅತ್ತೆ ಈಗ ಅನ್ನುತ್ತಾರೆ.

ಆ ಕೂಸು ಸಾಲೆಗೆ ಹೋಗಲು ಶುರುಮಾಡಿದ ಮೇಲೆ ಒಂದು ಸೂಟಿಯಲ್ಲಿ ನನ್ನ ಬಾಜೂಕ ಕೂತು, ‘ಅಜ್ಜ ಕಲ್ಲಿನ ಮ್ಯಾಲ ಕುಂತಿದ್ದಾ, ನಾ ನೋಡೀನಿ’ ಎಂದಿತು. ಎಳೆಗೂಸು, ಪರದೆಯ ಹಿಂದೆ ಮಲಗಿತ್ತು, ನೋಡಿರಲು ಸಾಧ್ಯವಿಲ್ಲ. ನಾನು ತಿದ್ದಲಿಲ್ಲ.

‘ನೀರ ಎಲ್ಲಿಂದ ಬಂದಿತ್ತವಾ?’ ಎಂದು ಕೇಳಿದೆ.

ಅದು ತಲಬಾಗಿಲ ಕಡೆ ನೋಡಲಿಲ್ಲ. ಬೆರಳು ಮಾಡಿ ಬಚ್ಚಲ ತೋರಿಸಿತು.