ಮಿಸ್ ನಮ್ಮನ್ನು ಕೆರೆ ಏರಿಗೆ ಕರೆದುಕೊಂಡು ಹೋದ ವರ್ಷ

ಕನಕಪುರದಲ್ಲಿ ನಾನು ಪಾಠ ಮಾಡುವ ಹೈಸ್ಕೂಲಿನ ಶೌಚಾಲಯದ ಹಿಂದೆ ತುಕ್ಕು ಹಿಡಿದ ಡಬ್ಬವೊಂದಿದೆ. ಹುಡುಗಿಯರು ಹಾಕಿಹೋದ ಪ್ಯಾಡುಗಳನ್ನು ಆಯಾ ಅದರೊಳಗೆ ತುಂಬಿ, ಒಣಗಿದ ತೆಂಗಿನ ಗರಿ ಸೇರಿಸಿ ಸುಡುತ್ತಾಳೆ. ಒದ್ದೆ ಹತ್ತಿಯೂ ಪ್ಲಾಸ್ಟಿಕ್ಕೂ ಒಟ್ಟಿಗೆ ಕಮರುವ ವಾಸನೆ... ಮೊನ್ನೆ ಒಂಬತ್ತನೇ ಕ್ಲಾಸಿಗೆ ಪರಿಸರದ ಪಾಠ ಮಾಡುತ್ತಿದ್ದಾಗ ಆ ಹೊಗೆ ಕಿಟಕಿಯಿಂದ ಒಳಗೆ ಬಂತು. ಹುಡುಗರು ಮೂಗು ಮುಚ್ಚಿಕೊಂಡು ನಕ್ಕರು. ಹುಡುಗಿಯರು ತಲೆ ತಗ್ಗಿಸಿದರು. ನನಗೆ ನಮ್ಮ ವಿಜ್ಞಾನದ ಮಿಸ್ ನೆನಪಾದರು.

ನಾನು ಓದಿದ್ದು ಅಕ್ಕೂರಿನ ಕಡೆಯ ಒಂದು ಹಳ್ಳಿಯಲ್ಲಿ. ಮಿಸ್ ರಾಮನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಹೆಗಲಿಗೆ ಬಟ್ಟೆಯ ಚೀಲ, ಅದರೊಳಗೆ ಸ್ಟೀಲಿನ ನೀರಿನ ಬಾಟಲಿ. ನಮ್ಮ ಕೈಯಲ್ಲಿ ಚಿಪ್ಸ್ ಪ್ಯಾಕೆಟ್ ಕಂಡರೆ, "ತಿಂದಾದ ಮೇಲೆ ಇದು ಎಲ್ಲಿಗೆ ಹೋಗುತ್ತೆ?" ಎಂದು ಕೇಳುವರು. ತಿಪ್ಪೆಗೆ ಎಂದರೆ, "ಆಮೇಲೆ?" ಹಳ್ಳಕ್ಕೆ ಎಂದರೆ, "ಆಮೇಲೆ?" ನಮ್ಮ ಉತ್ತರ ಮುಗಿಯುವವರೆಗೂ ಬಿಡುತ್ತಿರಲಿಲ್ಲ. ಆ ಪ್ರಶ್ನೆಗೆ ಹೆದರಿಯೇ ಅರ್ಧ ಕ್ಲಾಸು ಖಾಲಿ ಪ್ಯಾಕೆಟ್ಟುಗಳನ್ನು ಮಡಚಿ ಜೇಬಿಗಿಟ್ಟುಕೊಳ್ಳಲು ಕಲಿತಿತ್ತು.

ಒಂದು ಶನಿವಾರ ಕಸ ಆರಿಸಲು ನಮ್ಮನ್ನೆಲ್ಲ ಕೆರೆ ಏರಿಗೆ ಕರೆದುಕೊಂಡು ಹೋದರು. ನಾನೂ ಗೆಳತಿ ಮಂಜುಳಾಳೂ ಒಂದೇ ಗೋಣಿಚೀಲ ಹಿಡಿದಿದ್ದೆವು. ಅವಳ ಮನೆಯವರು ಕುರಿ ಸಾಕುತ್ತಿದ್ದರು. ಅಷ್ಟರಲ್ಲಿ ಹುಡುಗನೊಬ್ಬ ನೀರಂಚಿನಿಂದ ಏನನ್ನೋ ಕೋಲಿನಲ್ಲಿ ಎತ್ತಿ ಹಿಡಿದು, "ಏನ್ಲಾ ಇದು?" ಎಂದು ಕೂಗಿದ. ಬಳಸಿದ ಪ್ಯಾಡು. ಅಲ್ಲಿ ಅಂಥವು ರಾಶಿಯಾಗಿ ಬಿದ್ದಿದ್ದವು. ಹುಡುಗರ ನಗು ಏರಿಯ ಆಚೆಗೂ ಕೇಳಿರಬೇಕು. ಮಂಜುಳಾ ಮಾತ್ರ ಆ ರಾಶಿಯನ್ನೇ ನೋಡುತ್ತಾ, "ನಮ್ ಕುರಿ ನೀರ್ ಕುಡ್ಯೋದು ಇಲ್ಲೇ ಕಣೆ" ಎಂದಳು.

ಸೋಮವಾರ ಮಿಸ್ ಹುಡುಗರನ್ನು ಆಟಕ್ಕೆ ಕಳಿಸಿ ಕ್ಲಾಸಿನ ಬಾಗಿಲು ಹಾಕಿದರು. ಹಳೆಯ ಕಾಟನ್ ಸೀರೆಯ ತುಂಡೊಂದನ್ನು ಮೇಜಿನ ಮೇಲೆ ಹರಡಿ, ಹೇಗೆ ಮಡಚಿ ಹೊಲಿಯಬೇಕು, ಹೇಗೆ ಒಗೆದು ಬಿಸಿಲಿಗೆ ಹಾಕಬೇಕು ಎಂದು ತೋರಿಸಿದರು. "ಒಂದು ಪ್ಯಾಡ್ ಮಣ್ಣಾಗೋ ಹೊತ್ತಿಗೆ ನಾವ್ಯಾರೂ ಇರಲ್ಲ. ಬಟ್ಟೆ ಹಾಗಲ್ಲ" ಎಂದರು. ಶಾಲೆಯಲ್ಲಿ ಆಗ ನಮಗೆ ಪ್ಯಾಡು ಕೊಡುತ್ತಿದ್ದರು. ನಾವೆಲ್ಲ ಕೇಳಿ, ತಲೆಯಾಡಿಸಿ, ಮರೆತೆವು. ಮಂಜುಳಾ ಮರೆಯಲಿಲ್ಲ. ಮುಂದಿನ ಸಲ ಶಾಲೆಯಲ್ಲಿ ಪ್ಯಾಡು ಹಂಚಿದಾಗ ತನ್ನ ಪೊಟ್ಟಣವನ್ನು ನನ್ನ ಕೈಗಿಟ್ಟಳು.

ಆಮೇಲೆ ಅವಳು ಶಾಲೆ ತಪ್ಪಿಸತೊಡಗಿದಳು. ತಿಂಗಳಲ್ಲಿ ಕೆಲವು ದಿನ ಬರುತ್ತಲೇ ಇರಲಿಲ್ಲ. ಜ್ವರ ಎನ್ನುವಳು, ಕುರಿ ಮರಿ ಹಾಕಿತು ಎನ್ನುವಳು. ದಸರಾ ರಜೆ ಮುಗಿದ ಮೇಲೆ ಬರುವುದೇ ನಿಂತುಹೋಯಿತು. ಮಿಸ್ ಒಂದು ಸಂಜೆ ಊರಿಗೆ ಹೋಗುವ ಬಸ್ಸು ಬಿಟ್ಟು, ದಾರಿ ತೋರಿಸಲು ನನ್ನನ್ನು ಕರೆದುಕೊಂಡು ಅವಳ ಮನೆಗೆ ಹೊರಟರು.

ಊರಾಚೆ ಒಂದೇ ಕೋಣೆಯ ಮನೆ, ಪಕ್ಕದಲ್ಲಿ ಕುರಿ ರೊಪ್ಪ. ಮಂಜುಳಾಳ ಅವ್ವ ಚಾಪೆ ಹಾಸಿ, "ಹೆಂಗೂ ತಿಂಗ್ಳು ತಿಂಗ್ಳು ಮನೇಲೇ ಕೂತ್ಕತಾಳೆ ಮೇಡಂ. ಕುರಿ ಹಿಂದಾದ್ರೂ ಹೋಗ್ಲಿ ಅಂತ ಅವ್ರಪ್ಪ ಸ್ಕೂಲ್ ಬುಡಿಸ್ಬುಟ್ರು" ಎಂದಳು.

ಮಿಸ್ ಮಂಜುಳಾಳ ಕಡೆ ತಿರುಗಿ, "ಯಾಕಮ್ಮ ತಪ್ಪಿಸ್ತಿದ್ದೆ?" ಎಂದರು.

ಅವಳು ಬಾಗಿಲ ಚೌಕಟ್ಟನ್ನು ಕೆರೆಯುತ್ತಾ ಹೇಳಿದಳು: "ಸ್ಕೂಲಲ್ಲಿ ಬಟ್ಟೆ ಬದ್ಲಾಯ್ಸಕ್ಕೆ ನೀರೆಲ್ಲೈತೆ ಮಿಸ್? ಇಲ್ಲಿ ಬಿಸ್ಲಿಗೆ ಹಾಕಿದ್ರೆ ಅಣ್ಣ, ಚಿಕ್ಕಪ್ಪ ಎಲ್ಲಾ ಓಡಾಡ್ತಾರೆ. ಹುಲ್ಲಿನ ಮೆದೆ ಸಂದೀಲಿ ಹಾಕ್ತೀನಿ. ಒಣಗಲ್ಲ. ನೀವ್ ಹೇಳಿದ್ರಲ್ಲ... ಅದ್ಕೇ ಪ್ಯಾಡ್ ಮುಟ್ಲಿಲ್ಲ."

ಮಿಸ್ಸಿನ ಮುಖ ಆಗ ಹೇಗಾಯಿತೆಂದು ಹೇಳಲು ನನಗೆ ಇಂದಿಗೂ ಬರುವುದಿಲ್ಲ. ಎದ್ದು ಅವಳ ಎರಡೂ ಕೈ ಹಿಡಿದುಕೊಂಡರು. "ತಪ್ಪಾಯ್ತು ಕಣಮ್ಮ. ನಿಮ್ಮನೆ ಹೇಗಿದೆ, ಸ್ಕೂಲಲ್ಲಿ ನೀರಿದೆಯಾ, ಒಂದೂ ನೋಡದೆ ಹೇಳಿಬಿಟ್ಟೆ." ಟೀಚರೊಬ್ಬರು ಹುಡುಗಿಯ ಮುಂದೆ ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಅವರು ಮತ್ತೆ ಮತ್ತೆ ಆ ಮನೆಗೆ ಹೋಗಿ, ಅವಳಪ್ಪನ ಹತ್ತಿರ ಬೈಸಿಕೊಂಡು, ಕೊನೆಗೂ ಅವಳನ್ನು ಶಾಲೆಗೆ ಕರೆತಂದರು. ಹೆಡ್‌ಮಾಸ್ಟರ ಬೆನ್ನು ಹತ್ತಿ ಶೌಚಾಲಯಕ್ಕೆ ನಲ್ಲಿ ಹಾಕಿಸಿದರು. ನಮ್ಮನ್ನೆಲ್ಲ ಕೂರಿಸಿಕೊಂಡು, "ಬಟ್ಟೆಯೋ ಪ್ಯಾಡೋ, ಯಾವುದರಲ್ಲಿ ಸ್ಕೂಲಿಗೆ ಬರೋಕಾಗುತ್ತೋ ಅದನ್ನೇ ಇಟ್ಟುಕೊಳ್ಳಿ. ಕೆರೆ ವಿಷಯ ನಿಮ್ಮ ತಲೆ ಮೇಲೆ ಹಾಕಿದ್ದು ನನ್ನ ತಪ್ಪು. ಅದನ್ನು ದೊಡ್ಡವರನ್ನೇ ಕೇಳ್ತೀನಿ" ಎಂದರು.

ಹೇಳಿದಂತೆಯೇ ಗ್ರಾಮಸಭೆಗೆ ಹೋದರು. ನಾನು ಅಮ್ಮನ ಜೊತೆ ಹಿಂದೆ ಕೂತಿದ್ದೆ. ಮಿಸ್ ಎದ್ದು ನಿಂತು, "ಊರ ಹೆಣ್ಣುಮಕ್ಕಳು ಬಳಸಿದ ಪ್ಯಾಡು ಎಲ್ಲಿ ಹಾಕಬೇಕು ಅಂತ ಪಂಚಾಯ್ತಿಯವರು ಹೇಳಬೇಕು. ಜಾಗ ಇಲ್ಲದೆ ಕೆರೆಗೆ ಬೀಳ್ತಿದೆ" ಎಂದರು. ಮುಂದೆ ಕೂತಿದ್ದ ಹಿರಿಯರೊಬ್ಬರು, "ಏನ್ ಮೇಡಂ, ಗಂಡಸ್ರು ಕೂತಿರೋ ಸಭೇಲಿ ಎತ್ತೋ ಮಾತಾ ಇದು?" ಎಂದರು. ಯಾರೋ ಕಿಸಕ್ಕೆಂದರು. ಮಿಸ್ಸಿನ ಧ್ವನಿ ನಡುಗುತ್ತಿತ್ತು. ಆದರೂ ಅದೇ ಮಾತನ್ನು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದರು. ಸಭೆ ಬೀದಿದೀಪದ ವಿಷಯಕ್ಕೆ ಹೋಯಿತು.

ಆ ವರ್ಷ ಮುಗಿಯುವ ಮೊದಲೇ ಅವರನ್ನು ಮಾಗಡಿ ಕಡೆಯ ಶಾಲೆಯೊಂದಕ್ಕೆ ಹಾಕಿದರು. ಅಲ್ಲಿ ಟೀಚರುಗಳು ಕಡಿಮೆ ಎಂದರು. ಕಾರಣ ಅದೇ ಇರಬಹುದು, ಇಲ್ಲದೆಯೂ ಇರಬಹುದು... ಒಂದು ಬೆಳಿಗ್ಗೆ ಅವರು ಬಸ್ಸಿನಿಂದ ಇಳಿಯಲಿಲ್ಲ, ಅಷ್ಟೆ.

ಮೊನ್ನೆ ಹೊಗೆ ಬಂದ ದಿನ ಸಂಜೆ ಮಂಜುಳಾಳಿಗೆ ಫೋನ್ ಮಾಡಿದೆ. ಅವಳು ಹತ್ತನೇ ಕ್ಲಾಸು ಪಾಸು ಮಾಡಿ, ಮದುವೆಯಾಗಿ, ಈಗ ಕಲ್ಯದ ಹತ್ತಿರ ರೇಷ್ಮೆ ಹುಳು ಸಾಕುತ್ತಾಳೆ. ಮಿಸ್ಸಿನ ನಂಬರ್ ಇದೆಯಾ, ನನ್ನ ಹುಡುಗಿಯರಿಗೆ ಏನು ಹೇಳಲಿ ಎಂದು ಅವರನ್ನೇ ಕೇಳಬೇಕು ಎಂದೆ.

"ನಿಂಗೊತ್ತಿಲ್ವಾ? ಹೋದ್ ವರ್ಸನೇ ಹೋಗ್ಬುಟ್ರಂತೆ ಕಣೆ. ಹುಸಾರಿರ್ಲಿಲ್ವಂತೆ" ಎಂದಳು. ಆಮೇಲೆ ಅವಳೇ ಕೇಳಿದಳು: "ನಿಮ್ ಸ್ಕೂಲಲ್ಲಿ ಹೆಣ್ಮಕ್ಳಿಗೆ ನೀರಾದ್ರೂ ಬತ್ತೈತಾ?"

ಬೆಳಿಗ್ಗೆ ಸ್ವಲ್ಪ ಹೊತ್ತು ಬರುತ್ತೆ ಎಂದೆ.

ನಿನ್ನೆ ನೀರಿನ ವಿಷಯ ಹೇಳಲು ಹೆಡ್‌ಮಾಸ್ಟರ ಕೋಣೆಯ ಬಾಗಿಲವರೆಗೂ ಹೋಗಿದ್ದೆ. ಒಳಗೆ ಯಾರೋ ಗಂಡಸರು ಕೂತಿದ್ದರು. ನಾನು ಗೆಸ್ಟ್ ಟೀಚರ್. ನಾಳೆ ಬಂದರಾಯಿತು ಎಂದು ತಿರುಗಿದೆ. ಅವತ್ತು ಅಷ್ಟು ಜನರ ಎದುರು, ಧ್ವನಿ ನಡುಗುತ್ತಿದ್ದರೂ ಎರಡನೇ ಸಲ ಬಾಯಿ ತೆರೆಯಲು ಮಿಸ್ಸಿಗೆ ಹೇಗೆ ಸಾಧ್ಯವಾಯಿತೋ... ಅವರು ಇದ್ದಾಗಲೇ ಕೇಳಿಟ್ಟುಕೊಳ್ಳಬೇಕಿತ್ತು.